ಅಪ್ಪಾಜಿ ತರಿಸಿದ ಹನುಮಂತನ ನಾಣ್ಯ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪಾಜಿ ಚಿಕ್ಕ ಕಿರಾಣಿ ಅಂಗಡಿ ಇಟ್ಟಿದ್ದಾರೆ, ಎರಡೆಕರೆ ಅಡಿಕೆ ತೋಟ ಇದೆ. ಈ ವರ್ಷ ಎರಡು ಬೋರ್ ಕೊರೆಸಿದರು, ಎರಡೂ ಫೇಲಾದವು. ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ 6,500 ರೂಪಾಯಿ ಕೊಟ್ಟು ಒಂದು ನಾಣ್ಯ ತರಿಸಿದ್ದಾರೆ. ಒಂದು ಕಡೆ ಹನುಮಂತ. ಇನ್ನೊಂದು ಕಡೆ 'ಈಸ್ಟ್ ಇಂಡಿಯಾ ಕಂಪನಿ, ಹಾಫ್ ಆಣೆ, 1717' ಅಂತ ಇಂಗ್ಲಿಷಿನಲ್ಲಿದೆ. ಸಿಡಿಲು ಬಡಿದ ನಾಣ್ಯ, ಅಕ್ಕಿ ಎಳೆಯುತ್ತೆ, ಮನೆಯಲ್ಲಿದ್ದರೆ ಸಾಲ ತೀರುತ್ತೆ, ಮಂಡಿನೋವೂ ವಾಸಿಯಾಗುತ್ತೆ ಅಂದಿದ್ದರಂತೆ. ಈಗ ಬೇರೆ ಯಾರೋ ಫೋನ್ ಮಾಡಿ, ಅದನ್ನು 40 ಲಕ್ಷಕ್ಕೆ ಕೊಳ್ಳುತ್ತೇವೆ, ಮೊದಲು ಟೆಸ್ಟಿಂಗ್‌ಗೆ 18,000 ಕಟ್ಟಿ ಅಂತಿದ್ದಾರೆ. ಅಪ್ಪಾಜಿ ಅಮ್ಮನ ಓಲೆ ಅಡ ಇಡಲು ಹೊರಟಿದ್ದಾರೆ. ಹಸಿರು ಕಿಲುಬು ಇದೆ, ಹಳೇದೇ ಇರಬೇಕು ಅಂತ ವಾದಿಸುತ್ತಾರೆ. ನಾಣ್ಯ ನಿಜವೋ ಸುಳ್ಳೋ ತಿಳಿಯೋದು ಹೇಗೆ? ಫೋಟೊ ಕಳಿಸಿದ್ದೇನೆ. ಅಳತೆ ಗೊತ್ತಾಗಲಿ ಅಂತ ಅಜ್ಜಿಯ ಡಬ್ಬಿಯಲ್ಲಿದ್ದ ಹಳೇ ಕಾಸೊಂದನ್ನು ಪಕ್ಕದಲ್ಲಿಟ್ಟಿದ್ದೇನೆ. ಸುಳ್ಳಾದರೆ ಅದನ್ನು ಅಪ್ಪಾಜಿಗೆ ಹೇಳೋದು ಹೇಗೆ?

ಸಂಪಾದಕರ ಉತ್ತರ

ತಂಗಿ,

ಮೊದಲು ಒಂದೇ ಮಾತು. ಆ 18,000 ಕಟ್ಟಬೇಡಿ. ಅಮ್ಮನ ಓಲೆ ಅಮ್ಮನ ಹತ್ತಿರವೇ ಇರಲಿ. ಪತ್ರಿಕೆ ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೆ ತಡವಾದೀತು ಅಂತ, ನಿಮ್ಮ ಪತ್ರ ಓದಿದ ದಿನವೇ ಇಷ್ಟನ್ನು ಫೋನ್ ಮಾಡಿ ಹೇಳಿದ್ದೆ. ಉಳಿದದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಇಂಥದ್ದೇ ಪತ್ರ ಜಗಳೂರು ಕಡೆಯಿಂದಲೂ ಬಂದಿದೆ, ಹರಿಹರದಿಂದಲೂ ಬಂದಿದೆ. ಬರೆಯದೆ ಸುಮ್ಮನಿದ್ದವರು ಇನ್ನೆಷ್ಟು ಜನ ಇದ್ದಾರೋ.

ನಾಣ್ಯ ಸುಳ್ಳು. ಫೋಟೊ ನೋಡಿಯೇ ಇದನ್ನು ಧೈರ್ಯವಾಗಿ ಹೇಳಬಹುದು. ಅದರ ಮೇಲಿನ ಬರಹವೇ ಅದನ್ನು ಹಿಡಿದುಕೊಡುತ್ತದೆ.

1717 ಅಂತ ಇದೆ ಅಲ್ವಾ? ಆ ವರ್ಷ ಕಂಪನಿಯ ಪರಿಸ್ಥಿತಿ ಏನಿತ್ತು ನೋಡಿ. ಮೊಗಲ್ ಬಾದಶಹ ಫರೂಕ್‌ಸಿಯರ್ ಕಂಪನಿಗೆ ಫರ್ಮಾನು, ಅಂದರೆ ರಾಜಾಜ್ಞೆ, ಕೊಟ್ಟದ್ದು ಅದೇ 1717ರಲ್ಲಿ. ಬೊಂಬಾಯಿಯ ಟಂಕಸಾಲೆಯಲ್ಲಿ ಕಂಪನಿ ಹೊಡೆಸಿದ ರೂಪಾಯಿ ಮೊಗಲರ ರಾಜ್ಯದಲ್ಲೆಲ್ಲ ಚಲಾವಣೆಯಾಗಬಹುದು ಅಂತ ಅದರಲ್ಲಿ ಅಪ್ಪಣೆ ಸಿಕ್ಕಿತು. ಅಂದರೆ ಆಗಿನ ಇಂಗ್ಲಿಷರು ಬಾದಶಹನ ಅಪ್ಪಣೆಗೆ ಕೈಚಾಚಿ ನಿಂತಿದ್ದ ವ್ಯಾಪಾರಿಗಳು. ಅವರು ಹೊಡೆಸಿದ ರೂಪಾಯಿಯ ಮೇಲೆ ಇದ್ದದ್ದು ಪರ್ಷಿಯನ್ ಲಿಪಿಯಲ್ಲಿ ಬಾದಶಹನ ಹೆಸರು. ನಮ್ಮ ಕಡೆಯಂತೂ ಕಂಪನಿಯ ನೆರಳೂ ಬಿದ್ದಿರಲಿಲ್ಲ. ಚಿತ್ರದುರ್ಗ ನಾಯಕರ ಕೈಯಲ್ಲಿತ್ತು, 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವವರೆಗೂ. ಇಲ್ಲಿ ನಡೆಯುತ್ತಿದ್ದದ್ದು ವರಹ, ಹಣ, ಕಾಸು ಅನ್ನೋ ನಾಣ್ಯಗಳು.

'ಹಾಫ್ ಆಣೆ' ಅಂತ ಇಂಗ್ಲಿಷಿನಲ್ಲಿ ಬರೆದ ಕಂಪನಿ ನಾಣ್ಯ ಬಂದದ್ದು 1830ರ ದಶಕದಲ್ಲಿ. 1835ರ ನಾಣ್ಯ ಕಾಯ್ದೆ ಬಂದ ಮೇಲೆಯೇ ಕಂಪನಿಯ ಎಲ್ಲ ಸೀಮೆಗೂ ಒಂದೇ ಬಗೆಯ ರೂಪಾಯಿ, ಒಂದೇ ಬಗೆಯ ತಾಮ್ರದ ಕಾಸು ಆದದ್ದು. ಅದಕ್ಕೆ ಮುಂಚೆ ಮದ್ರಾಸಿಗೇ ಬೇರೆ ಲೆಕ್ಕ: 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ. ಹಾಗಾಗಿ 1717ರ ಹಾಫ್ ಆಣೆ ಅನ್ನೋದು, ಅಜ್ಜ ಹುಟ್ಟುವ ಮೊದಲೇ ಮೊಮ್ಮಗನಿಗೆ ಹೆಸರಿಟ್ಟ ಹಾಗೆ. ಇದೇ ಜಾತಿಯಲ್ಲಿ 1616, 1818 ಅಂತ ಒಂದೇ ಅಂಕಿ ಜೋಡಿಯಾಗಿ ಬರುವ ವರ್ಷಗಳೂ ಓಡಾಡುತ್ತಿವೆ. 1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಇನ್ನೂ ಜಹಾಂಗೀರನ ದರ್ಬಾರಿನಲ್ಲಿ ವ್ಯಾಪಾರದ ಅನುಕೂಲಕ್ಕಾಗಿ ಬೇಡುತ್ತಾ ಕೂತಿದ್ದ. 'ಒನ್ ಆಣೆ 1818' ಅನ್ನೋದೂ ಸುಳ್ಳೇ. ಬ್ರಿಟಿಷ್ ಇಂಡಿಯಾದಲ್ಲಿ ಒಂದಾಣೆಯ ನಾಣ್ಯ ಚಲಾವಣೆಗೆ ಬಂದದ್ದು 1907ರಲ್ಲಿ. ಅದು ಬಿಳಿ ಲೋಹದ್ದು, ಅಂಚು ಹೂವಿನ ಎಸಳಿನ ಹಾಗೆ ಅಲೆಅಲೆಯಾಗಿತ್ತು. ನಿಮ್ಮ ಅಜ್ಜಿಯ ಕಾಲದವರಿಗೆ ಕೇಳಿ, ನೆನಪಿರುತ್ತೆ.

ಇಲ್ಲೊಂದು ತಪ್ಪನ್ನು ತಿದ್ದಬೇಕು. ಇದು ಸುಳ್ಳು ಅಂತ ಹೇಳುವವರಲ್ಲೂ ಕೆಲವರು 'ಕಂಪನಿಯವರು ನಾಣ್ಯದ ಮೇಲೆ ಹಿಂದೂ ದೇವರನ್ನು ಹಾಕಿರಲೇ ಇಲ್ಲ' ಅಂತಾರೆ. ಅದು ಸರಿಯಲ್ಲ. ಮದ್ರಾಸಿನಲ್ಲಿ ಕಂಪನಿ ಹೊಡೆಸಿದ ಚಿನ್ನದ ವರಹದ ಮೇಲೆ ವೆಂಕಟೇಶ್ವರ ಇಬ್ಬರು ದೇವಿಯರ ಜೊತೆ ನಿಂತಿದ್ದಾನೆ. ಅದಕ್ಕೆ ಮೂರು ಸ್ವಾಮಿ ವರಹ ಅಂತಲೇ ಹೆಸರು. 1807ರ ಸುಮಾರಿನಲ್ಲಿ ಬಂದ ಮದ್ರಾಸಿನ ಬೆಳ್ಳಿಯ ಅರ್ಧ ವರಹದಲ್ಲಿ ಒಂದು ಬದಿ ಗೋಪುರ, ಇನ್ನೊಂದು ಬದಿ ವಿಷ್ಣು. ದಕ್ಷಿಣದ ಜನ ದೇವರಿರುವ ನಾಣ್ಯವನ್ನೇ ನಂಬಿ ತಗೊಳ್ಳುತ್ತಿದ್ದರು. ಕಂಪನಿಯವರು ವ್ಯಾಪಾರಿಗಳು, ಅದಕ್ಕೆ ತಕ್ಕ ಹಾಗೆ ಹೊಡೆಸಿದರು. ಆದರೆ ಆ ನಾಣ್ಯಗಳು ಚಿನ್ನದ್ದು, ಬೆಳ್ಳಿಯದ್ದು. ಅವುಗಳ ಮೇಲೆ 'ಹಾಫ್ ಆಣೆ' ಅಂತ ಇಲ್ಲ.

ಹನುಮಂತ ಇರುವ ನಿಜವಾದ ನಾಣ್ಯ ಬೇಕೇ? ವಿಜಯನಗರದ ಮೊದಲ ಅರಸರು, ಹರಿಹರ ಬುಕ್ಕರ ಕಾಲದ್ದೇ ಇದೆ. ಚಿನ್ನದ ವರಹ. ತೂಕ ಸುಮಾರು 3.4 ಗ್ರಾಂ. ಅಗಲ ಕಿರುಬೆರಳಿನ ಉಗುರಿಗಿಂತ ಚೂರು ಜಾಸ್ತಿ ಅಷ್ಟೇ. ಅಷ್ಟು ಸಣ್ಣ ಜಾಗದಲ್ಲಿ ಅಚ್ಚು ಕೆತ್ತುವವನು ಹನುಮಂತನನ್ನು ನಾಲ್ಕೈದು ಗೆರೆ, ನಾಲ್ಕೈದು ಗುಂಡುಗಳಲ್ಲಿ ಮೂಡಿಸಿದ್ದಾನೆ. ಬಾಲ ಎಲ್ಲಿ, ಕೈ ಎಲ್ಲಿ ಅಂತ ಕಣ್ಣು ಸಣ್ಣ ಮಾಡಿ ನೋಡಬೇಕು. ನಿಮ್ಮ ನಾಣ್ಯದ ಹನುಮಂತನನ್ನು ನೋಡಿ: ಕೈಯಲ್ಲಿ ಬೆಟ್ಟ, ಹಾರುವ ಶಲ್ಯ, ಎದೆಯ ಸ್ನಾಯು ಎಲ್ಲಾ ಎಣಿಸಬಹುದು. ಅದು ಕ್ಯಾಲೆಂಡರಿನ ಹನುಮಂತ. ರವಿವರ್ಮ ತನ್ನ ಚಿತ್ರಗಳ ಅಚ್ಚಿನ ಪ್ರೆಸ್ಸು ಹಾಕಿದ್ದೇ 1894ರಲ್ಲಿ. ಮನೆಮನೆಯ ಗೋಡೆಗೆ ದೇವರ ಪಟ ಬಂದದ್ದು ಆಮೇಲೆ.

ಇದೆಲ್ಲ ಓದಿ ತಿಳಿಯುವ ಮಾತಾಯಿತು. ಕೈಯಲ್ಲಿ ಹಿಡಿದು ನೋಡುವುದನ್ನೂ ಹೇಳುತ್ತೇನೆ. ಜಗಳೂರಿನ ಓದುಗರು ಪತ್ರದ ಜೊತೆ ತಮ್ಮ ನಾಣ್ಯವನ್ನೇ ನಮ್ಮ ಆಫೀಸಿನಲ್ಲಿ ಬಿಟ್ಟು ಹೋಗಿದ್ದರು. ನಿಮ್ಮದೂ ಅದೂ ಅಕ್ಕತಂಗಿಯರ ಹಾಗಿವೆ. ಅದೇ 1717, ಅದೇ ಬೆಟ್ಟ, 'ಕಂಪನಿ' ಪದದ ಅದೇ ಅಕ್ಷರದ ಮೇಲೆ ಅದೇ ಒಂದು ಉಬ್ಬು. ಎರಡು ಬೇರೆ ಊರಿನ ನಾಣ್ಯಗಳಲ್ಲಿ ಒಂದೇ ಗಾಯ ಒಂದೇ ಜಾಗದಲ್ಲಿ ಇದೆ ಅಂದರೆ ಎರಡೂ ಒಂದೇ ಮೂಸೆಯಿಂದ, ಒಂದೇ ಎರಕದಚ್ಚಿನಿಂದ ಬಂದವು ಅಂತ ಅರ್ಥ.

ಜಗಳೂರಿನ ಆ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಕ್ಷರಗಳ ಬುಡದಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳು. ಲೋಹ ಕರಗಿಸಿ ಸುರಿದಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯ ಗುರುತು ಅದು. ಅಂಚನ್ನು ಸುತ್ತ ತಿರುಗಿಸಿದರೆ ಉಗುರಿಗೆ ಒಂದು ಸಣ್ಣ ಏರು ತಗಲುತ್ತೆ, ಎರಡು ಹೋಳು ಅಚ್ಚು ಕೂಡಿದ ಗೆರೆ. ಅದನ್ನು ಅರದಿಂದ ಉಜ್ಜಿದ ಗೀರುಗಳೂ ಕಾಣುತ್ತವೆ. ಕಂಪನಿಯ ಅರ್ಧಾಣೆಗಳನ್ನು ಎರಕ ಹೊಯ್ದು ಮಾಡುತ್ತಿರಲಿಲ್ಲ. ತಾಮ್ರದ ಬಿಲ್ಲೆಯನ್ನು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಯಂತ್ರದಲ್ಲಿ ಒತ್ತುತ್ತಿದ್ದರು. ಒತ್ತಿದ ನಾಣ್ಯದ ಅಕ್ಷರ ಸವೆದಿದ್ದರೂ ಬುಡ ನಯವಾಗಿರುತ್ತೆ. ಎರಕದ ಅಕ್ಷರ ಹೊಸದಿದ್ದರೂ ಅಂಚು ಕರಗಿದ ಬೆಲ್ಲದ ಹಾಗೆ ಮೊಂಡಾಗಿರುತ್ತೆ. ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆಮೇಲೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಅದನ್ನು ನಮ್ಮ ದಾವಣಗೆರೆಯ ಮಂಡಿಪೇಟೆಯ ಒಬ್ಬ ಅಕ್ಕಸಾಲಿಗರ ಹತ್ತಿರ ತಗೊಂಡು ಹೋದೆ. ತೂಕ 23.8 ಗ್ರಾಂ ಬಂತು. ನಿಜವಾದ 1835ರ ಅರ್ಧಾಣೆ 12.95 ಗ್ರಾಂ, ಕಾಲಾಣೆ ಅದರ ಅರ್ಧ, 6.48 ಗ್ರಾಂ. ಬೆಳ್ಳಿ ರೂಪಾಯಿ 11.66 ಗ್ರಾಂ. ಸವೆದರೆ ಚೂರು ಕಮ್ಮಿಯಾಗುತ್ತೆ ಹೊರತು ಎರಡು ಪಟ್ಟು ಆಗುವುದಿಲ್ಲ. ಆಗ ಪ್ರತಿ ನಾಣ್ಯಕ್ಕೂ ಇಷ್ಟೇ ತೂಕ ಅಂತ ಗೊತ್ತು ಮಾಡಿದ್ದರು.

ಅಕ್ಕಸಾಲಿಗರು ಇನ್ನೊಂದು ಪರೀಕ್ಷೆಯನ್ನೂ ಮಾಡಿ ತೋರಿಸಿದರು. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತಂದರು. ನಾಣ್ಯವನ್ನು ದಾರದಲ್ಲಿ ಕಟ್ಟಿ, ಲೋಟದ ತಳ ಗೋಡೆ ಯಾವುದೂ ತಾಗದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿದರು. ತಕ್ಕಡಿ 2.8 ತೋರಿಸಿತು. 23.8ನ್ನು 2.8ರಿಂದ ಭಾಗಿಸಿದರೆ 8.5. ತಾಮ್ರವಾಗಿದ್ದರೆ 8.9ರ ಹತ್ತಿರ ಬರಬೇಕು, ಬೆಳ್ಳಿಗೆ 10.5, ಚಿನ್ನಕ್ಕೆ 19.3. ಎಂಟೂವರೆ ಅಂದರೆ ಹಿತ್ತಾಳೆ. "ನಮ್ಮನೆ ಗಂಟೆನೂ ಇದೇ ಸಾರ್" ಅಂದರು ಅವರು. ಯಾವ ಊರಿನ ಅಕ್ಕಸಾಲಿಗರಾದರೂ ಐದು ನಿಮಿಷದಲ್ಲಿ ಇದನ್ನು ಮಾಡಿಕೊಡುತ್ತಾರೆ. ಅಪ್ಪಾಜಿಯನ್ನು ಜೊತೆಗೇ ಕರೆದುಕೊಂಡು ಹೋಗಿ. ಅಂಕಿಯನ್ನು ಅವರೇ ನೋಡಲಿ.

ಹಸಿರು ಕಿಲುಬು ಇದೆ, ಹಳೇದೇ ಇರಬೇಕು ಅಂತ ಅಪ್ಪಾಜಿ ವಾದಿಸಿದರು ಅಂತ ಬರೆದಿದ್ದೀರಿ. ಕಿಲುಬನ್ನು ಆಸಿಡ್ ಹಾಕಿ ಒಂದೆರಡು ದಿನದಲ್ಲಿ ಬರಿಸಬಹುದು. ಅಂಥ ಕಿಲುಬು ಪುಡಿಪುಡಿಯಾಗಿ ಕೈಗೆ ಹತ್ತುತ್ತೆ. ಕಾಲ ಕಳೆದು ಬಂದ ಬಣ್ಣ ಲೋಹಕ್ಕೆ ಕಚ್ಚಿಕೊಂಡು ಚರ್ಮದ ಹಾಗೆ ಕೂತಿರುತ್ತೆ.

ಇನ್ನು ಅಕ್ಕಿ ಎಳೆಯುವ ಮಾತು. ರೈಸ್ ಪುಲ್ಲಿಂಗ್ ಚೊಂಬು, ರೈಸ್ ಪುಲ್ಲಿಂಗ್ ನಾಣ್ಯ ಅಂತ ಇದೊಂದು ದೊಡ್ಡ ದಂಧೆ. ಸಿಡಿಲು ಬಡಿದರೆ ತಾಮ್ರ ಇರಿಡಿಯಂ ಆಗುತ್ತೆ, ಅದಕ್ಕೆ ಬಾಹ್ಯಾಕಾಶ ಸಂಸ್ಥೆಯವರು ಕೋಟಿ ಕೊಡುತ್ತಾರೆ ಅಂತ ಕಥೆ ಕಟ್ಟುತ್ತಾರೆ. ಇರಿಡಿಯಂ ಅನ್ನೋ ಲೋಹ ನಿಜವಾಗಿಯೂ ಇದೆ, ಬೆಲೆಯೂ ಜಾಸ್ತಿ. ಆದರೆ ಅದು ಪ್ಲಾಟಿನಂ ಅದಿರಿನ ಜೊತೆ ಗಣಿಯಲ್ಲಿ ಸಿಗುತ್ತದೆ. ತಾಮ್ರದ ಪರಮಾಣುವಿನಲ್ಲಿ 29 ಪ್ರೋಟಾನ್, ಇರಿಡಿಯಂನಲ್ಲಿ 77. ಸಿಡಿಲು ತಾಮ್ರವನ್ನು ಕಾಯಿಸಬಹುದು, ಕರಗಿಸಬಹುದು. ಅದರೊಳಗೆ 48 ಪ್ರೋಟಾನ್ ತುಂಬಲು ಸಿಡಿಲಿಗೆ ಆಗುವುದಿಲ್ಲ. ಇಷ್ಟಕ್ಕೂ ನಿಜವಾದ ಇರಿಡಿಯಂ ಕೂಡ ಅಕ್ಕಿಯನ್ನು ಎಳೆಯುವುದಿಲ್ಲ.

ಹಾಗಾದರೆ ವಿಡಿಯೊದಲ್ಲಿ ಅಕ್ಕಿ ಹೇಗೆ ಓಡಿ ಬರುತ್ತೆ? ಅಕ್ಕಿಗೆ ಅಂಟು ಸವರಿ ಕಬ್ಬಿಣದ ನಯವಾದ ಪುಡಿ ಹಚ್ಚಿರುತ್ತಾರೆ. ನಾಣ್ಯದೊಳಗೋ ಮೇಜಿನ ಕೆಳಗೋ ಅಯಸ್ಕಾಂತ ಇರುತ್ತೆ. ಅದಕ್ಕೇ ಅವರು ಯಾವತ್ತೂ ತಮ್ಮ ಅಕ್ಕಿಯನ್ನೇ ತರುತ್ತಾರೆ. ನಿಮ್ಮದು ಕಿರಾಣಿ ಅಂಗಡಿ. ನಿಮ್ಮದೇ ಮೂಟೆಯಿಂದ ಒಂದು ಹಿಡಿ ಅಕ್ಕಿ ತಗೊಂಡು, ತೊಳೆದು ಒಣಗಿಸಿ, ನಾಣ್ಯದ ಸುತ್ತ ಹರಡಿ. ಒಂದು ಕಾಳು ಕದಲಿದರೆ ನನಗೆ ಬರೆಯಿರಿ. ಹಾಗೇ ಒಂದು ಹಳೇ ಸ್ಪೀಕರಿನ ಅಯಸ್ಕಾಂತವನ್ನು ನಾಣ್ಯಕ್ಕೆ ತಾಗಿಸಿ ನೋಡಿ. ತಾಮ್ರವಾಗಲಿ ಹಿತ್ತಾಳೆಯಾಗಲಿ ಅದಕ್ಕೆ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವೋ ಅಯಸ್ಕಾಂತವೋ ಇದೆ ಅಂತ ಅರ್ಥ.

ಮಂಡಿನೋವು ವಾಸಿಯಾಗುತ್ತೆ ಅಂತ ಹೇಳಿ ಮಾರಿದ್ದಾರಲ್ಲ, ಅದು ಬರೀ ಸುಳ್ಳಲ್ಲ, ಅಪರಾಧ. ತಾಯತ, ಯಂತ್ರ, ಮಂತ್ರ ಇಂಥವುಗಳಿಂದ ರೋಗ ವಾಸಿಯಾಗುತ್ತೆ ಅಂತ ಜಾಹೀರಾತು ಕೊಡುವುದನ್ನು 1954ರಲ್ಲೇ ಕೇಂದ್ರದ ಕಾಯ್ದೆಯೊಂದು ನಿಷೇಧಿಸಿದೆ. ಅಪ್ಪಾಜಿ ಮಂಡಿಗೆ ಮಾತ್ರೆ ನಿಲ್ಲಿಸಿದ್ದಾರಾ ಅಂತ ವಿಚಾರಿಸಿ. ಇದನ್ನು ಮರೆಯಬೇಡಿ.

ಈಗ ಆ ಎರಡನೇ ಫೋನಿನ ವಿಷಯ. ನನಗೆ ಹೆಚ್ಚು ಭಯವಿರುವುದು ಇದರ ಬಗ್ಗೆಯೇ. 6,500 ಹೋದದ್ದು ಗಾಳ. ನಾಣ್ಯ ಮಾರಿದವರ ಹತ್ತಿರ ಅಪ್ಪಾಜಿಯ ನಂಬರ್ ಇದೆ, ಅವರಿಗೆ ಹಣದ ಕಷ್ಟ ಇದೆ ಅನ್ನೋದೂ ಗೊತ್ತಿದೆ. ಈಗ ಬೇರೆ ಹೆಸರಲ್ಲಿ, ಬೇರೆ ದನಿಯಲ್ಲಿ 'ಕೊಳ್ಳುವವರು' ಬಂದಿದ್ದಾರೆ. ಟೆಸ್ಟಿಂಗ್ ಆದ ಮೇಲೆ ಸರ್ಟಿಫಿಕೇಟಿಗೆ ಕೇಳುತ್ತಾರೆ. ಆಮೇಲೆ ಜಿಎಸ್‌ಟಿ, ಆಮೇಲೆ ಇನ್ಶೂರೆನ್ಸ್, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್. ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಪತ್ರವನ್ನೂ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿ, ಹಳೇ ನಾಣ್ಯ ನೋಟುಗಳ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾರಿಂದಲೂ ಅದಕ್ಕೆ ಶುಲ್ಕವನ್ನಾಗಲಿ ಕಮಿಷನ್ ಅನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿದೆ. 40 ಲಕ್ಷ ಕೊಡುವವನಿಗೆ 18,000 ಯಾಕೆ ಬೇಕು? ಅವನು ನಿಜವಾಗಿ ಕೊಳ್ಳುವವನಾಗಿದ್ದರೆ ಬಸ್ಸು ಹತ್ತಿ ಹೊಳಲ್ಕೆರೆಗೆ ಬರುತ್ತಿದ್ದ. ಸಂತೆಯಲ್ಲಿ ಒಂದು ಎತ್ತು ಕೊಳ್ಳುವವನೂ ಹಲ್ಲು ನೋಡದೆ ದುಡ್ಡು ಬಿಚ್ಚುವುದಿಲ್ಲ. ಇಲ್ಲಿ ಕೊಳ್ಳುವವನೇ ಮಾರುವವನ ಹತ್ತಿರ ದುಡ್ಡು ಕೇಳುತ್ತಿದ್ದಾನೆ.

ಕೊಡುವುದಿಲ್ಲ ಅಂದರೆ ಹೆದರಿಸುತ್ತಾರೆ. 'ಇದು ಪುರಾತನ ವಸ್ತು, ಇಟ್ಟುಕೊಂಡರೆ ಪೊಲೀಸರು ನಿಮ್ಮನ್ನೇ ಒಳಗೆ ಹಾಕುತ್ತಾರೆ' ಅಂತಾರೆ. ಜಗಳೂರಿನ ಓದುಗರಿಗೆ ಹೀಗೇ ಹೇಳಿದ್ದರಂತೆ, ಅವರು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಹೆದರಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಇರುವುದು ನೂರು ವರ್ಷ ದಾಟಿದ ನಿಜವಾದ ವಸ್ತುಗಳಿಗೆ. ಮೊನ್ನೆ ಎರಕ ಹೊಯ್ದ ಹಿತ್ತಾಳೆಗೆ ಅಲ್ಲ. ಅಜ್ಜಿಯ ಡಬ್ಬಿಯಲ್ಲಿ ನಾಲ್ಕು ಹಳೇ ಕಾಸು ಇರುವುದೂ ಅಪರಾಧವಲ್ಲ. ನೆಲ ಅಗೆಯುವಾಗ ನಿಧಿ ಸಿಕ್ಕರೆ ಮಾತ್ರ ಬೇರೆ ಮಾತು, ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಇವತ್ತೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಹೋದ ಕೂಡಲೇ ಮಾಡಿದ್ದರೆ ಅದು ಇರುವ ಖಾತೆಯನ್ನು ತಡೆಹಿಡಿಸುವ ಅವಕಾಶ ಜಾಸ್ತಿ ಇತ್ತು. ಈಗ ಮೂರು ವಾರ ಆಗಿದೆ, ಆದರೂ ದೂರು ಕೊಡಿ. ಚಿತ್ರದುರ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ನೀವೇ ಹೋಗಿಯೂ ಕೊಡಬಹುದು. ದುಡ್ಡು ಕಳಿಸಿದ ಮೆಸೇಜು, ಆ ವಿಡಿಯೊದ ಸ್ಕ್ರೀನ್‌ಶಾಟ್, ಫೋನ್ ಬಂದ ನಂಬರು, ಕೊರಿಯರ್ ಕವರು, ನಾಣ್ಯ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ನಾಣ್ಯವನ್ನು ಬಾವಿಗೆ ಎಸೆಯಬೇಡಿ, ಅದು ಸಾಕ್ಷಿ.

ಅಪ್ಪಾಜಿಗೆ ಹೇಳುವುದು ಹೇಗೆ ಅಂತ ಕೊನೆಯಲ್ಲಿ ಕೇಳಿದ್ದೀರಿ. ಎರಡು ಬೋರ್ ಫೇಲಾದ ಮನುಷ್ಯ ಅವರು. ಆರುನೂರು ಅಡಿ ಕೊರೆಸಿ ಬರೀ ಧೂಳು ಎದ್ದದ್ದನ್ನು ನಿಂತು ನೋಡಿದವರಿಗೆ ಎಲ್ಲಾದರೂ ಒಂದು ದಾರಿ ಇದೆ ಅಂತ ನಂಬಬೇಕು ಅನಿಸುತ್ತೆ. ಮೋಸ ಮಾಡಿದವರು ಬಳಸಿಕೊಂಡದ್ದು ಅದನ್ನೇ. ಅವರ ಬುದ್ಧಿಯಲ್ಲಿ ಕೊರತೆ ಇತ್ತು ಅಂತ ಅಲ್ಲ. ಹಾಗಾಗಿ 'ನೀವು ಮೋಸ ಹೋದ್ರಿ' ಅಂತ ಶುರು ಮಾಡಬೇಡಿ. ನಾಲ್ಕು ಜನರ ಮುಂದೆ, ಅಳಿಯಂದಿರ ಮುಂದೆ ಈ ಮಾತು ತೆಗೆಯಲೇಬೇಡಿ. 'ಅಪ್ಪಾಜಿ, ಅಕ್ಕಸಾಲಿಗರ ಹತ್ತಿರ ತೂಕ ಹಾಕಿಸೋಣ ಬನ್ನಿ' ಅಂತ ಕರೆದುಕೊಂಡು ಹೋಗಿ. ಹನುಮಂತನ ಮೇಲಿನ ಭಕ್ತಿಗೂ ಈ ಬಿಲ್ಲೆಗೂ ಸಂಬಂಧವಿಲ್ಲ ಅಂತ ಮೆಲ್ಲಗೆ ಹೇಳಿ. ನಿಮ್ಮೂರ ಗುಡಿಯಲ್ಲಿ ಹನುಮಪ್ಪ ಇದ್ದಾನೆ. ಅವನು ಯಾರಿಂದಲೂ ಟೆಸ್ಟಿಂಗ್ ಫೀ ಕೇಳಿಲ್ಲ.

ಇನ್ನೊಂದು ವಿಷಯ ಉಳಿದಿದೆ. ಅಳತೆಗೆ ಅಂತ ಪಕ್ಕದಲ್ಲಿಟ್ಟಿದ್ದಿರಲ್ಲ, ಅಜ್ಜಿಯ ಕಾಸು. ನಾನು ಜಾಸ್ತಿ ಹೊತ್ತು ನೋಡಿದ್ದು ಅದನ್ನೇ. ಕಪ್ಪಗಿದೆ, ಅಂಚು ಒಂದು ಕಡೆ ತೆಳ್ಳಗಾಗಿದೆ. ಒಂದು ಬದಿಯಲ್ಲಿ ಬಾಲ ಎತ್ತಿದ ಸಿಂಹದ ಹಾಗೆ ಒಂದು ಪ್ರಾಣಿ, ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ 'ಕಾಸು' ಅನ್ನೋದು ಓದಲು ಬರುತ್ತೆ, ಅದರ ಹತ್ತಿರ ಇಂಗ್ಲಿಷಿನ ಎರಡು ಎಕ್ಸ್, ಅಂದರೆ ರೋಮನ್ ಅಂಕಿಯಲ್ಲಿ ಇಪ್ಪತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ತಾಮ್ರದ ನಾಣ್ಯಗಳಲ್ಲಿ ಹೀಗೇ 'ಮಯಿಲಿ ಕಾಸು' ಅಂತ ಕನ್ನಡದಲ್ಲೂ, ಇಪ್ಪತ್ತು ಕ್ಯಾಶ್ ಅಂತ ಇಂಗ್ಲಿಷಿನಲ್ಲೂ ಇರುತ್ತೆ. ಅವರ ಕಾಲ 1799ರಿಂದ 1868. ನಿಮ್ಮದು ಅದೇ ಅನಿಸುತ್ತೆ, ಕೈಯಲ್ಲಿ ಹಿಡಿದು ನೋಡಿದರೆ ಖಚಿತವಾಗಿ ಹೇಳಬಲ್ಲೆ. ಲಕ್ಷ ಬಾಳುವುದಿಲ್ಲ. ಅಂಥವು ಸಂಗ್ರಹಕಾರರ ಹತ್ತಿರ ಬೇಕಾದಷ್ಟಿವೆ. ಆದರೆ ನಿಮ್ಮ ಅಜ್ಜಿಯ ಅಜ್ಜಿ ಅದನ್ನು ಕೊಟ್ಟು ಉಪ್ಪೋ ಎಲೆಅಡಿಕೆಯೋ ತಂದಿರಬಹುದು.

ನಮ್ಮ ಸೀಮೆಯ ನಿಜವಾದ ಹಳೇ ನಾಣ್ಯಗಳೆಲ್ಲ ಹೀಗೇ ಮಂಕಾಗಿರುತ್ತವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಸಿಕ್ಕ ಶಾತವಾಹನರ ಕಾಲದ ನಾಣ್ಯಗಳು ಸೀಸದವು. ಬೂದಿ ಬಣ್ಣ, ಡುಬ್ಬದ ಎತ್ತು, ಬ್ರಾಹ್ಮಿ ಲಿಪಿಯ ನಾಲ್ಕಕ್ಷರ. ಅದೇ ಜಾಗದಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕವು. ಎರಡು ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ನಮ್ಮ ಗುಡ್ಡದ ಬುಡಕ್ಕೆ ಬಂದ ದುಡ್ಡು ಅದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲೂ ಬ್ರಹ್ಮಗಿರಿಯಲ್ಲೂ ಅಗೆಸಿ ಬರೆದ ವರದಿಯನ್ನು ಇವತ್ತಿಗೂ ಓದುತ್ತಾರೆ. ಅಪ್ಪಾಜಿಗೆ ಹಳೇ ನಾಣ್ಯದ ಮೇಲೆ ಆಸಕ್ತಿ ಇದೆ ಅಂತಾಯಿತು. ದೂರು ಕೊಡಲು ಚಿತ್ರದುರ್ಗಕ್ಕೆ ಹೋದ ದಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಕರೆದುಕೊಂಡು ಹೋಗಿ ಬನ್ನಿ.

ಅಜ್ಜಿಯ ಕಾಸನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಆ ಕಪ್ಪು ಹೋದರೆ ಅಕ್ಷರವೂ ಸವೆಯುತ್ತೆ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಕಾಗದದ ಕವರಿನಲ್ಲಿ ಬೇರೆಯಾಗಿ ಇಡಿ, ಹಿತ್ತಾಳೆ ಬಿಲ್ಲೆಯ ಜೊತೆ ಬೇಡ. ದಾವಣಗೆರೆಗೆ ಬಂದಾಗ ಅದನ್ನು ತನ್ನಿ, ಅಜ್ಜಿಯನ್ನೂ ಕರೆದುಕೊಂಡು ಬನ್ನಿ. ಅದು ಆ ಡಬ್ಬಿಗೆ ಹೇಗೆ ಬಂತು ಅಂತ ಅವರ ಬಾಯಿಂದಲೇ ಕೇಳಬೇಕು.